‘ಮಾನವೀಯತೆ ಮೆರೆದ ಪೊಲೀಸ್’: ಇಂಥ ಸುದ್ದಿ ಕಂಡಾಗ ಹೇಗೆ ಓದಬೇಕು?

ಈ ಥರದ ಸುದ್ದಿ ನಿಮಗೂ ಬಂದಿರುತ್ತದೆ. ಮಳೆಯಲ್ಲಿ ಅಜ್ಜಿಯ ಕೈ ಹಿಡಿದು ರಸ್ತೆ ದಾಟಿಸುವ ಪೇದೆ. ಚರಂಡಿಯಿಂದ ನಾಯಿಮರಿ ಎತ್ತಿದ ಸಿಬ್ಬಂದಿ. ಕಳೆದುಹೋದ ಪರ್ಸನ್ನು ಮನೆಗೇ ತಂದುಕೊಟ್ಟ ಇನ್‌ಸ್ಪೆಕ್ಟರ್. ಮೇಲೆ ‘ಮಾನವೀಯತೆ ಮೆರೆದ ಪೊಲೀಸ್’ ಅಂತ ಶೀರ್ಷಿಕೆ, ಕೆಳಗೆ ‘ನೆಟ್ಟಿಗರಿಂದ ಭಾರಿ ಮೆಚ್ಚುಗೆ’ ಅಂತ ಒಂದು ಸಾಲು, ವಿಡಿಯೊ ಆದರೆ ಹಿಂದೆ ಕಣ್ಣೀರು ತರಿಸುವ ಸಂಗೀತ. ನೋಡಿದ ತಕ್ಷಣ ಮನಸ್ಸಿಗೆ ಹಿತ ಆಗುತ್ತದೆ, ಮರುಕ್ಷಣ ಫಾರ್ವರ್ಡ್ ಮಾಡಿರುತ್ತೇವೆ.

ಇಂಥ ಸುದ್ದಿಗಳೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನವು ನಿಜವೇ ಇರುತ್ತವೆ. ತೊಡಕು ಇರುವುದು ಬೇರೆ ಕಡೆ. ನಮ್ಮಲ್ಲಿ ಬಹಳ ಜನ ವರ್ಷಗಟ್ಟಲೆ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಪೊಲೀಸರು ಹೇಗೆ ಅನ್ನುವ ನಮ್ಮ ಅಂದಾಜು ಹುಟ್ಟುವುದೇ ಸಿನಿಮಾ, ಸುದ್ದಿ ಮತ್ತು ಫೋನಿನಿಂದ. ಹೀಗಿರುವಾಗ ಒಬ್ಬ ಪೇದೆಯ ಒಂದು ಒಳ್ಳೆಯ ಕೆಲಸ ನಮಗೆ ಗೊತ್ತಾಗದ ಹಾಗೆ ಇಡೀ ಇಲಾಖೆಗೆ ಸಿಕ್ಕ ಸರ್ಟಿಫಿಕೇಟ್ ಆಗಿಬಿಡುತ್ತದೆ. ನಾಳೆ ಯಾರಾದರೂ ‘ಠಾಣೆಯಲ್ಲಿ ನನಗೆ ಹೊಡೆದರು’ ಅಂದರೆ ನಾವು ಮೊದಲು ಅನುಮಾನಪಡುವುದು ಆ ಮನುಷ್ಯನನ್ನೇ. ಅಲ್ವಾ?

ಹಾಗಾಗಿ ಇದನ್ನು ಓದುವುದಕ್ಕೆ ಒಂದು ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಸಲ ಎಲ್ಲ ಹೆಜ್ಜೆಯೂ ಬೇಕಿಲ್ಲ. ಎರಡು ಮೂರು ರೂಢಿಯಾದರೂ ಸಾಕು.

1. ಮೊದಲು ಖುಷಿಪಡಿ

ನಿಜವಾಗಿ. ಒಬ್ಬರು ಇನ್ನೊಬ್ಬರಿಗೆ ಸಹಾಯ ಮಾಡಿದ್ದನ್ನು ನೋಡಿ ಮೂಗು ಮುರಿಯುವ ಅಭ್ಯಾಸ ಬೇಡ. ಎಲ್ಲದರಲ್ಲೂ ಪಿತೂರಿ ಹುಡುಕುವವರು ಎಲ್ಲವನ್ನೂ ನಂಬುವವರಷ್ಟೇ ಸುಲಭವಾಗಿ ಮೋಸಹೋಗುತ್ತಾರೆ. ಖುಷಿಪಟ್ಟ ಮೇಲೆ, ಷೇರ್ ಮಾಡುವ ಮುಂಚೆ, ಒಂದು ನಿಮಿಷ ನಿಲ್ಲಿ.

2. ಕ್ಯಾಮೆರಾ ಯಾರ ಕೈಯಲ್ಲಿತ್ತು ನೋಡಿ

ದಾರಿಹೋಕರು ತೆಗೆದದ್ದಾ, ಅಂಗಡಿಯ ಸಿಸಿಟಿವಿಯದ್ದಾ, ಪೊಲೀಸರ ಬಾಡಿ ಕ್ಯಾಮೆರಾದ್ದಾ, ಅಥವಾ ಪಕ್ಕದಲ್ಲೇ ನಿಂತ ಇನ್ನೊಬ್ಬ ಪೊಲೀಸ್ ಮೂರು ಕೋನದಿಂದ ಮಾಡಿದ್ದಾ? ವಿಡಿಯೊ ಶುರುವಾಗುವ ಜಾಗವೇ ಬಹಳಷ್ಟು ಹೇಳುತ್ತದೆ. ಸಹಾಯ ಶುರುವಾಗುವ ಮುಂಚೆಯೇ ಕ್ಯಾಮೆರಾ ಸರಿಯಾದ ಜಾಗದಲ್ಲಿ ಕಾಯುತ್ತಿದ್ದರೆ ಅದು ಚಿತ್ರೀಕರಣ, ಆಕಸ್ಮಿಕ ಅಲ್ಲ. ಬಾಡಿ ಕ್ಯಾಮೆರಾ ದೃಶ್ಯ ಆದರೆ ಇನ್ನೊಂದು ಪ್ರಶ್ನೆ: ಈ ಒಳ್ಳೆಯ ದೃಶ್ಯ ಒಂದೇ ದಿನದಲ್ಲಿ ಹೊರಗೆ ಬಂತಲ್ಲ, ದೂರು ಇರುವ ಘಟನೆಯ ದೃಶ್ಯ ಕೇಳಿದರೆ ಇದೇ ಇಲಾಖೆ ಎಷ್ಟು ದಿನ ತೆಗೆದುಕೊಳ್ಳುತ್ತದೆ?

ಆಮೇಲೆ ಸುದ್ದಿಯ ಪಠ್ಯ ನೋಡಿ. ನಾಲ್ಕು ಬೇರೆ ಬೇರೆ ಪತ್ರಿಕೆಗಳಲ್ಲಿ ಅವೇ ವಾಕ್ಯ, ಅವೇ ವಿಶೇಷಣ ಇದ್ದರೆ ಅದು ಬಹುಶಃ ಇಲಾಖೆಯ ಪ್ರೆಸ್ ನೋಟ್. ವರದಿಗಾರರು ಸೋಮಾರಿಗಳು ಅಂತ ಇದರ ಅರ್ಥ ಅಲ್ಲ. ಸುದ್ದಿಮನೆಗಳಲ್ಲಿ ಜನ ಕಡಿಮೆ, ಪುಟ ತುಂಬಬೇಕು, ಪೊಲೀಸರಿಂದ ಫೋಟೊ ಸಮೇತ ಸಿದ್ಧ ಸುದ್ದಿ ಬರುತ್ತದೆ, ಕೇಸ್ ಬೀಳುವ ಭಯ ಇಲ್ಲ, ಓದುಗರಿಗೂ ಇಷ್ಟ. ಇನ್ನೊಂದು ಕಾರಣವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಕ್ರೈಂ ವರದಿಗಾರರಿಗೆ ದಿನದ ಸುದ್ದಿ ಸಿಗುವುದೇ ಪೊಲೀಸರಿಂದ. ವಿರುದ್ಧ ಬರೆದರೆ ಮುಂದಿನ ಫೋನ್ ಬರದೇ ಹೋಗಬಹುದು. ನಡುನಡುವೆ ಒಂದು ಒಳ್ಳೆಯ ಸುದ್ದಿ ಹಾಕಿದರೆ ಸಂಬಂಧ ಉಳಿಯುತ್ತದೆ.

ಈಗಂತೂ ಇಲಾಖೆಗಳಿಗೆ ಪತ್ರಿಕೆಯೇ ಬೇಕಿಲ್ಲ. 2018ರಲ್ಲಿ ಅಮೆರಿಕದ ಪೊಲೀಸ್ ಇಲಾಖೆಗಳು ಒಂದರ ಹಿಂದೆ ಒಂದು ಹಾಡಿಗೆ ತುಟಿ ಆಡಿಸಿ ಕುಣಿಯುವ ವಿಡಿಯೊ ಹಾಕಿದವು. ವರ್ಜೀನಿಯಾದ ನಾರ್ಫೋಕ್ ಪೊಲೀಸರ ವಿಡಿಯೊ ಕೋಟಿಗಟ್ಟಲೆ ಸಲ ನೋಡಲ್ಪಟ್ಟಿತು. ಅದೇ ವರ್ಷದ ಕೊನೆಗೆ ಮೀಮ್‌ಗಳಿಗೆ ಹೆಸರಾದ ಕೇರಳ ಪೊಲೀಸರ ಫೇಸ್‌ಬುಕ್ ಪುಟ 10 ಲಕ್ಷ ಲೈಕ್ ದಾಟಿತ್ತು. ತಮಾಷೆ ಚೆನ್ನಾಗಿಯೇ ಇತ್ತು, ನಗುವುದರಲ್ಲಿ ತಪ್ಪಿಲ್ಲ. ಆದರೆ ಅದು ಇಲಾಖೆಯೇ ತನ್ನ ಬಗ್ಗೆ ಮಾಡಿದ ಜಾಹೀರಾತು ಅನ್ನುವುದು ನೆನಪಿರಲಿ.

3. ಅದೇ ಹೊತ್ತಿಗೆ ಇನ್ನೇನು ನಡೆಯುತ್ತಿತ್ತು?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ ಹೆಜ್ಜೆ ಇದು. ಸುದ್ದಿಯ ತಾರೀಕು ನೋಡಿ, ಆ ಊರಿನ ಹೆಸರು ಮತ್ತು ‘ಪೊಲೀಸ್’ ಅಂತ ಹಾಕಿ ಹಿಂದಿನ ಎರಡು ತಿಂಗಳ ಸುದ್ದಿ ಹುಡುಕಿ.

ನ್ಯೂಯಾರ್ಕಿನ ಒಂದು ಉದಾಹರಣೆ ಕೊಡುತ್ತೇನೆ. 2012ರ ನವೆಂಬರ್, ಟೈಮ್ಸ್ ಸ್ಕ್ವೇರ್, ಕೊರೆಯುವ ಚಳಿ. ಬರಿಗಾಲಲ್ಲಿ ಕೂತಿದ್ದ ಒಬ್ಬರಿಗೆ ಗಸ್ತಿನಲ್ಲಿದ್ದ ಪೊಲೀಸ್ ತಮ್ಮ ದುಡ್ಡಿನಲ್ಲೇ ಬೂಟು ಕೊಂಡು ತಂದು, ಮಂಡಿಯೂರಿ ಕೊಟ್ಟರು. ಅರಿಜೋನಾದಿಂದ ಬಂದಿದ್ದ ಒಬ್ಬ ಪ್ರವಾಸಿ ಫೋಟೊ ತೆಗೆದರು. ತಮ್ಮ ಫೋಟೊ ತೆಗೆಯುತ್ತಿದ್ದಾರೆ ಅನ್ನುವುದು ಆ ಪೊಲೀಸ್‌ಗೆ ಗೊತ್ತೂ ಇರಲಿಲ್ಲ. ಅಂದರೆ ನಾಟಕ ಅಲ್ಲ, ಅಪ್ಪಟ ಒಳ್ಳೆಯ ಕೆಲಸ. ಇಲಾಖೆ ಆ ಫೋಟೊವನ್ನು ಫೇಸ್‌ಬುಕ್‌ಗೆ ಹಾಕಿತು, ಲಕ್ಷಗಟ್ಟಲೆ ಲೈಕ್ ಬಂದವು, ಜಗತ್ತಿನ ಪತ್ರಿಕೆಗಳೆಲ್ಲ ಎತ್ತಿಕೊಂಡವು.

ಈಗ ಪಕ್ಕದ ಕಥೆ ನೋಡಿ. ಅದೇ ಇಲಾಖೆ ಆ ವರ್ಷಗಳಲ್ಲಿ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಮೈ ತಡವಿ ಶೋಧಿಸುತ್ತಿತ್ತು. 2011ರಲ್ಲಿ ಹೀಗೆ ನಿಲ್ಲಿಸಿದ್ದು ಸುಮಾರು 6 ಲಕ್ಷ 85 ಸಾವಿರ ಸಲ. ಬೂಟಿನ ಫೋಟೊ ಬಂದ 2012ರಲ್ಲಿ 5 ಲಕ್ಷಕ್ಕೂ ಜಾಸ್ತಿ. 10ರಲ್ಲಿ ಸುಮಾರು 9 ಸಲ ಬಂಧನವೂ ಇಲ್ಲ, ದಂಡದ ಚೀಟಿಯೂ ಇಲ್ಲ, ಸುಮ್ನೆ ನಿಲ್ಲಿಸಿ ಬಿಟ್ಟುಕಳಿಸಿದ್ದು. ನಿಲ್ಲಿಸಿಕೊಂಡವರಲ್ಲಿ ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಜನ. 2013ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶೆ ಶಿರಾ ಶೈಂಡ್ಲಿನ್, ಇದು ನಡೆಯುತ್ತಿರುವ ರೀತಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. ಬೂಟು ಕೊಟ್ಟದ್ದೂ ನಿಜ, ಲಕ್ಷಗಟ್ಟಲೆ ತಡೆಗಳೂ ನಿಜ. ಫೋಟೊ ಆಗಿ ಓಡಾಡಿದ್ದು ಒಂದೇ.

2014ರ ಏಪ್ರಿಲ್‌ನಲ್ಲಿ ಅದೇ ಇಲಾಖೆ, ನಮ್ಮ ಪೊಲೀಸರ ಜೊತೆ ನೀವು ತೆಗೆಸಿಕೊಂಡ ಫೋಟೊ ಟ್ವಿಟರ್‌ನಲ್ಲಿ ಹಾಕಿ ಅಂತ ಜನರನ್ನೇ ಕೇಳಿತು. ಜನ ಹಾಕಿದರು. ಲಾಠಿ ಎತ್ತಿದ್ದು, ಕೂದಲು ಹಿಡಿದು ಎಳೆದದ್ದು, ನೆಲಕ್ಕೆ ಒತ್ತಿದ್ದು. ಫೋಟೊ ಆಯ್ಕೆ ಮಾಡುವವರು ಬದಲಾದ ಕೂಡಲೇ ಚಿತ್ರವೂ ಬದಲಾಯಿತು.

ಪೊಲೀಸರ ಮೇಲೆ ಜನರ ಸಿಟ್ಟು ಹೆಚ್ಚಿರುವಾಗ ಒಳ್ಳೆಯ ಸುದ್ದಿಯೂ ಹೆಚ್ಚುತ್ತದೆ. 2020ರ ಜೂನ್‌ನಲ್ಲಿ, ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತದ್ದಕ್ಕೆ ಪ್ರತಿಭಟನೆ ನಡೆಯುತ್ತಿದ್ದಾಗ, ಅಮೆರಿಕದ ಹಲವು ನಗರಗಳಲ್ಲಿ ಪೊಲೀಸರು ಪ್ರತಿಭಟನಕಾರರ ಜೊತೆ ಮಂಡಿಯೂರಿದ ಫೋಟೊಗಳು ಬಂದವು. ಅದೇ ವಾರಗಳಲ್ಲಿ ಪ್ರತಿಭಟನೆಗಳ ಮೇಲೆ ಅಶ್ರುವಾಯುವನ್ನೂ ಹಾರಿಸುತ್ತಿದ್ದರು. ಭಾರತದಲ್ಲಿ ಅದಕ್ಕೂ ಮುಂಚೆ ಲಾಕ್‌ಡೌನ್ ಹೊತ್ತಿನಲ್ಲಿ ಹಾಡು ಹೇಳುವ ಪೊಲೀಸ್, ಕೊರೊನಾ ವೈರಸ್ ಆಕಾರದ ಹೆಲ್ಮೆಟ್ ಹಾಕಿದ ಪೊಲೀಸ್ ವೈರಲ್ ಆದರು. ಹೊರಗೆ ಬಂದವರಿಗೆ ಲಾಠಿ ಬೀಸುವ, ಬಸ್ಕಿ ಹೊಡೆಸುವ ವಿಡಿಯೊಗಳೂ ಅದೇ ಫೋನಿಗೆ ಬರುತ್ತಿದ್ದವು.

4. ಒಳ್ಳೆಯದು ಯಾರ ಖಾತೆಗೆ ಜಮಾ ಆಯಿತು?

ಸುದ್ದಿಯ ಕೊನೆಯ ಎರಡು ಪ್ಯಾರಾ ಓದಿ. ‘ಇಲಾಖೆಗೆ ಹೆಮ್ಮೆ’, ‘ಇದೇ ನಮ್ಮ ಪೊಲೀಸ್’ ಅಂತ ಯಾರೋ ಮೇಲಧಿಕಾರಿ ಹೇಳಿರುತ್ತಾರೆ. ಈಗ ಅದೇ ಇಲಾಖೆಯ ಮೇಲೆ ದೂರು ಬಂದ ಸುದ್ದಿ ತೆಗೆದು ಕೊನೆಯ ಪ್ಯಾರಾ ಓದಿ. ‘ಒಬ್ಬರು ಮಾಡಿದ ತಪ್ಪಿಗೆ ಇಡೀ ಇಲಾಖೆಯನ್ನು ದೂರಬೇಡಿ.’ ಒಳ್ಳೆಯದಾದರೆ ಇಲಾಖೆಯ ಖಾತೆಗೆ, ಕೆಟ್ಟದಾದರೆ ವ್ಯಕ್ತಿಯ ಖಾತೆಗೆ. ನಿಯಮ ಒಂದೇ ಇರಬೇಕು. ಒಬ್ಬ ಪೇದೆಯ ಕ್ರೌರ್ಯದಿಂದ ಇಲಾಖೆ ಕ್ರೂರ ಅಂತ ಸಾಬೀತಾಗುವುದಿಲ್ಲ ಅನ್ನುವುದಾದರೆ, ಒಬ್ಬ ಪೇದೆಯ ಕರುಣೆಯಿಂದ ಇಲಾಖೆ ಕರುಣಾಮಯಿ ಅಂತಲೂ ಸಾಬೀತಾಗುವುದಿಲ್ಲ. ಕಮೆಂಟ್ ಹಾಕುವಾಗ ಆ ಒಬ್ಬರನ್ನು ಹೊಗಳಿ. ಇಲಾಖೆಯನ್ನು ಅಳೆಯುವುದಕ್ಕೆ ಬೇರೆ ದಾಖಲೆ ಇದೆ, ಅದು ಮುಂದೆ ಬರುತ್ತದೆ.

5. ಫೋಟೊದಲ್ಲಿರುವ ಇನ್ನೊಬ್ಬರನ್ನು ನೋಡಿ

ಅಜ್ಜಿ, ಮಗು, ಮನೆ ಇಲ್ಲದವರು, ಕುಡಿದು ಬಿದ್ದವರು. ಅವರ ಮಾತು ಸುದ್ದಿಯಲ್ಲಿ ಒಂದು ಸಾಲಾದರೂ ಇದೆಯಾ? ಬಹಳ ಸಲ ಇರುವುದಿಲ್ಲ. ಅವರು ಬರೀ ಸಹಾಯ ಪಡೆಯುವ ಪಾತ್ರ.

ಬೂಟು ಪಡೆದವರನ್ನು ಕೆಲವೇ ದಿನಗಳಲ್ಲಿ ಪತ್ರಕರ್ತರು ಮತ್ತೆ ಹುಡುಕಿದರು. ಅವರು ಆಗಲೂ ಬರಿಗಾಲಲ್ಲೇ ಇದ್ದರು. ಅಷ್ಟು ದುಬಾರಿ ಬೂಟು ಹಾಕಿಕೊಂಡರೆ ತನ್ನ ಜೀವಕ್ಕೇ ಅಪಾಯ, ಅದಕ್ಕೆ ಬಚ್ಚಿಟ್ಟಿದ್ದೇನೆ ಅಂದರು. ತನ್ನನ್ನು ಕೇಳದೆ ಫೋಟೊವನ್ನು ಜಗತ್ತಿಗೆಲ್ಲ ತೋರಿಸಿದರಲ್ಲ, ನನಗೇನು ಸಿಕ್ಕಿತು ಅಂತಲೂ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು.

ಇನ್ನೊಂದು ಉದಾಹರಣೆ ಬರೆಯುವುದಕ್ಕೂ ಕಷ್ಟ. 2014ರ ನವೆಂಬರ್‌ನಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ ಒಂದು ಪ್ರತಿಭಟನೆ. ಅಳುತ್ತಿದ್ದ 12 ವರ್ಷದ ಕಪ್ಪು ಹುಡುಗನೊಬ್ಬ ಬಿಳಿಯ ಪೊಲೀಸ್ ಅಧಿಕಾರಿಯನ್ನು ತಬ್ಬಿಕೊಂಡ. ಮಿಸ್ಸೂರಿ ರಾಜ್ಯದ ಫರ್ಗ್ಯುಸನ್‌ನಲ್ಲಿ ಕಪ್ಪು ಯುವಕನನ್ನು ಗುಂಡಿಕ್ಕಿ ಕೊಂದ ಪೊಲೀಸ್ ಮೇಲೆ ಆರೋಪ ಹೊರಿಸುವುದಿಲ್ಲ ಅಂತ ತೀರ್ಮಾನವಾದ ಮರುದಿನ ಅದು. ದೇಶವೆಲ್ಲ ಆ ಫೋಟೊವನ್ನು ‘ಭರವಸೆಯ ಅಪ್ಪುಗೆ’ ಅಂತ ಕೊಂಡಾಡಿತು. ಆ ಹುಡುಗನ ಮನೆಯಲ್ಲಿ ಮಕ್ಕಳಿಗೆ ಹಿಂಸೆ ಆಗುತ್ತಿದೆ ಅಂತ ಅದಕ್ಕೂ ಮುಂಚೆಯೇ ದೂರುಗಳಿದ್ದವು. 2018ರ ಮಾರ್ಚ್‌ನಲ್ಲಿ ಅವನನ್ನು ದತ್ತು ಪಡೆದಿದ್ದ ದಂಪತಿ ಮಕ್ಕಳ ಸಮೇತ ಕ್ಯಾಲಿಫೋರ್ನಿಯಾದ ಕಡಲಬಂಡೆಯಿಂದ ಕಾರು ಬೀಳಿಸಿದರು. ಅದು ಉದ್ದೇಶಪೂರ್ವಕ ಅಂತ ಮರುವರ್ಷ ಅಧಿಕೃತ ವಿಚಾರಣೆಯೇ ಹೇಳಿತು. ಆ ಅಧಿಕಾರಿಯದ್ದು ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೋಟಿ ಜನ ನೋಡಿದ ಒಂದು ಮಗುವಿನ ಕಣ್ಣೀರಿಗೆ ಎಲ್ಲರೂ ತಮಗೆ ಬೇಕಾದ ಅರ್ಥ ಕೊಟ್ಟುಕೊಂಡರು.

ಇಲ್ಲೇ ಇನ್ನೊಂದು ಪ್ರಶ್ನೆ ಕೇಳಿ: ಆ ವ್ಯಕ್ತಿಗೆ ‘ಬೇಡ’ ಅನ್ನುವ ಅವಕಾಶ ಇತ್ತಾ? 2016ರಲ್ಲಿ ವರ್ಜೀನಿಯಾದ ಹ್ಯಾಲಿಫ್ಯಾಕ್ಸ್ ಪೊಲೀಸರು ಕಾರುಗಳನ್ನು ತಡೆದು ನಿಲ್ಲಿಸಿ, ದಂಡದ ಬದಲು ಐಸ್‌ಕ್ರೀಮ್ ಕೊಟ್ಟ ವಿಡಿಯೊ ಬಹಳ ಓಡಿತು. ಚಾಲಕರು ನಕ್ಕರು, ನೋಡಿದವರೂ ನಕ್ಕರು. ಆದರೆ ಅನುಮಾನಕ್ಕೆ ಕಾರಣ ಇಲ್ಲದೆ, ಬರೀ ಲೈಸೆನ್ಸ್ ನೋಡುವುದಕ್ಕೆ ಅಂತ ಯಾವುದೋ ಒಂದು ಕಾರನ್ನು ತಡೆಯುವ ಹಾಗಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1979ರಲ್ಲೇ ಹೇಳಿದೆ. ಐಸ್‌ಕ್ರೀಮ್ ಕೊಡುವುದಕ್ಕೆ ತಡೆಯಬಹುದಾ? ಹಿಂದೆ ನೀಲಿ ದೀಪ ಹೊಳೆದಾಗ ಎದೆ ಡವಗುಟ್ಟಿದ ಆ ಅರ್ಧ ನಿಮಿಷ ವಿಡಿಯೊದಲ್ಲಿ ಕಾಣುವುದಿಲ್ಲ.

6. ಶೀರ್ಷಿಕೆಯಲ್ಲಿ ಕರ್ತೃ ಯಾರು?

ಇದು ಬೇಗ ಮುಗಿಯುವ ಹೆಜ್ಜೆ. ಒಳ್ಳೆಯ ಸುದ್ದಿಯಲ್ಲಿ ಪೊಲೀಸರು ಕೆಲಸ ಮಾಡುತ್ತಾರೆ: ರಕ್ಷಿಸಿದರು, ನೆರವಾದರು, ಮೆರೆದರು. ಬೇರೆ ಸುದ್ದಿಯಲ್ಲಿ ಕೆಲಸ ತಾನಾಗಿಯೇ ಆಗುತ್ತದೆ: ‘ಲಘು ಲಾಠಿ ಪ್ರಹಾರ’ ನಡೆಯುತ್ತದೆ, ‘ಗುಂಡು ತಗುಲಿ’ ಸಾವು ಸಂಭವಿಸುತ್ತದೆ.

ಜಾರ್ಜ್ ಫ್ಲಾಯ್ಡ್ 2020ರ ಮೇ 25ರಂದು ಸತ್ತಾಗ ಮಿನಿಯಾಪೊಲಿಸ್ ಪೊಲೀಸರು ಹೊರಡಿಸಿದ ಮೊದಲ ಹೇಳಿಕೆಯ ತಲೆಬರಹದಲ್ಲಿ ಇದ್ದದ್ದು, ಪೊಲೀಸರೊಂದಿಗಿನ ಭೇಟಿಯ ವೇಳೆ ‘ವೈದ್ಯಕೀಯ ಘಟನೆ’ಯ ನಂತರ ವ್ಯಕ್ತಿಯ ಸಾವು ಅಂತ. ಫ್ಲಾಯ್ಡ್ ಅವರ ಕುತ್ತಿಗೆಯ ಮೇಲೆ 9 ನಿಮಿಷ 29 ಸೆಕೆಂಡ್ ಪೊಲೀಸ್ ಅಧಿಕಾರಿಯ ಮಂಡಿ ಇದ್ದದ್ದು ಅದರಲ್ಲಿ ಇರಲಿಲ್ಲ. ದಾರಿಯಲ್ಲಿ ನಿಂತಿದ್ದ ಒಬ್ಬ ಹುಡುಗಿ ಫೋನಿನಲ್ಲಿ ವಿಡಿಯೊ ಮಾಡದಿದ್ದರೆ ಜಗತ್ತಿಗೆ ಸಿಗುತ್ತಿದ್ದದ್ದು ಆ ಹೇಳಿಕೆ ಮಾತ್ರ. ಒಳ್ಳೆಯ ಸುದ್ದಿಯ ಪ್ರೆಸ್ ನೋಟ್ ಬರೆಯುವುದೂ, ಇಂಥ ಹೇಳಿಕೆ ಬರೆಯುವುದೂ ಬಹುಮಟ್ಟಿಗೆ ಒಂದೇ ಕಚೇರಿಯ ಕೆಲಸ.

7. ಪೊಲೀಸ್ ಅಧಿಕಾರ ಎಲ್ಲಿ ಬಳಕೆಯಾಯಿತು?

ಅಜ್ಜಿಯನ್ನು ರಸ್ತೆ ದಾಟಿಸುವುದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಪೊಲೀಸರಿಗೆ ಮಾತ್ರ ಇರುವುದು ತಡೆಯುವ, ಶೋಧಿಸುವ, ಬಂಧಿಸುವ, ಬಲ ಬಳಸುವ ಅಧಿಕಾರ. ಒಳ್ಳೆಯ ಪೊಲೀಸ್ ಅಂದರೆ ಆ ಅಧಿಕಾರವನ್ನು ಹದವಾಗಿ ಬಳಸುವವರು. ಬಡ ಹೆಂಗಸಿನ ದೂರನ್ನು ಅಲೆಸದೆ ಬರೆದುಕೊಂಡವರು, ಬಂಧಿಸಿದವರ ಮನೆಗೆ ಹೊತ್ತಿಗೆ ಸರಿಯಾಗಿ ತಿಳಿಸಿದವರು, ಲಾಕಪ್‌ನಲ್ಲಿ ಕೈ ಎತ್ತಿದ ಸಹೋದ್ಯೋಗಿಯನ್ನು ತಡೆದವರು. ಇದಕ್ಕೆ ಚೆಂದದ ಫೋಟೊ ಬರುವುದಿಲ್ಲ, ವೈರಲ್ ಆಗುವುದಿಲ್ಲ. ಕೆಲವು ಸಲ ಶಿಕ್ಷೆಯೂ ಆಗುತ್ತದೆ.

ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿ ಕೆರಿಯಲ್ ಹಾರ್ನ್ ಅನ್ನುವ ಪೊಲೀಸ್ ಇದ್ದರು. 2006ರಲ್ಲಿ ಸಹೋದ್ಯೋಗಿಯೊಬ್ಬರು ಬೇಡಿ ಹಾಕಿದ ವ್ಯಕ್ತಿಯ ಕುತ್ತಿಗೆ ಹಿಡಿದದ್ದನ್ನು ಕಂಡು ಅಡ್ಡ ಬಂದರು. ಅದಕ್ಕೆ ಸಿಕ್ಕ ಪ್ರತಿಫಲ, 2008ರಲ್ಲಿ ಕೆಲಸದಿಂದ ವಜಾ. ಪಿಂಚಣಿಗೆ ಬೇಕಾದ ಸೇವಾವಧಿ ಮುಗಿಯುವ ಮುಂಚೆಯೇ. 2021ರಲ್ಲಿ ನ್ಯಾಯಾಲಯ ಆ ತೀರ್ಮಾನ ರದ್ದು ಮಾಡಿ ಪಿಂಚಣಿಯ ಹಕ್ಕು ಕೊಟ್ಟಿತು. ತಮಿಳುನಾಡಿನ ಸಾತಾನ್‌ಕುಳಂ ಠಾಣೆಯ ಪೊಲೀಸರು 2020ರ ಜೂನ್‌ನಲ್ಲಿ ಬಂಧಿಸಿದ್ದ ತಂದೆ ಮತ್ತು ಮಗ ಸತ್ತರು. ಅವರು ತಾವೇ ನೆಲದ ಮೇಲೆ ಹೊರಳಾಡಿ ಗಾಯ ಮಾಡಿಕೊಂಡರು ಅಂತ ಪೊಲೀಸರ ದಾಖಲೆ ಹೇಳುತ್ತಿತ್ತು. ರಾತ್ರಿಯಿಡೀ ಹೊಡೆದರು ಅಂತ ಮ್ಯಾಜಿಸ್ಟ್ರೇಟ್ ಎದುರು ಸಾಕ್ಷಿ ಹೇಳಿದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ‘ಮಾನವೀಯತೆ ಮೆರೆದ ಪೊಲೀಸ್’ ಅಂತ ದೊಡ್ಡ ಅಕ್ಷರದಲ್ಲಿ ಹಾಕಬೇಕಾದದ್ದು ಇಂಥವರ ಸುದ್ದಿಯನ್ನು.

8. ಪಕ್ಕದಲ್ಲಿ ಒಂದು ಲೆಕ್ಕ ಇಡಿ

ಇಲಾಖೆಯನ್ನು ಅಳೆಯಬೇಕಾದರೆ ಕೇಳಬೇಕಾದದ್ದು: ಕಸ್ಟಡಿ ಸಾವು ಎಷ್ಟು, ಬಲಪ್ರಯೋಗದ ದೂರು ಎಷ್ಟು, ಅದರಲ್ಲಿ ತನಿಖೆ ಮುಗಿದದ್ದು ಎಷ್ಟು, ಶಿಕ್ಷೆ ಎಷ್ಟು, ಪರಿಹಾರ ಅಂತ ಸರ್ಕಾರ ಕೊಟ್ಟ ದುಡ್ಡು ಎಷ್ಟು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸ್ ಸಂಪರ್ಕದ ವೇಳೆ ಅಥವಾ ನಂತರ ಆದ ಸಾವುಗಳ ಲೆಕ್ಕವನ್ನು ಪೊಲೀಸರಿಂದ ಹೊರಗಿನ ಒಂದು ಸಂಸ್ಥೆ ಪ್ರತಿ ವರ್ಷ ಪ್ರಕಟಿಸುತ್ತದೆ. ಭಾರತದಲ್ಲಿ ಕಸ್ಟಡಿ ಸಾವಿನ ಲೆಕ್ಕ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವಾರ್ಷಿಕ ವರದಿಯಲ್ಲಿ ಒಂದು ಇರುತ್ತದೆ, ಮಾನವ ಹಕ್ಕುಗಳ ಆಯೋಗದ್ದು ಇನ್ನೊಂದು. ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅಮೆರಿಕದಲ್ಲಿ ಪೊಲೀಸ್ ಗುಂಡಿಗೆ ಸತ್ತವರ ಪೂರ್ತಿ ಲೆಕ್ಕ ಸರ್ಕಾರದ ಬಳಿಯೇ ಇರಲಿಲ್ಲ. 2015ರಿಂದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ತಾನೇ ಒಂದೊಂದಾಗಿ ಎಣಿಸತೊಡಗಿದಾಗ ವರ್ಷಕ್ಕೆ ಸುಮಾರು 1,000 ಅಂತ ಗೊತ್ತಾಯಿತು. ವಿಡಿಯೊ ಹಾಕುವುದರಲ್ಲಿ ಚುರುಕಾಗಿರುವ ಇಲಾಖೆ ಲೆಕ್ಕ ಹಾಕುವುದರಲ್ಲಿ ಎಷ್ಟು ಚುರುಕು ಅನ್ನುವುದನ್ನೂ ಗಮನಿಸಿ.

ಒಂದು ಮಾತು ಇಲಾಖೆಯ ಪರವಾಗಿಯೂ ಹೇಳಬೇಕು. ಜನರ ಜೊತೆ ಪೊಲೀಸರು ಚೆನ್ನಾಗಿ ಬೆರೆಯುವುದು ಬರೀ ತೋರಿಕೆ ಅಲ್ಲ. ಅಮೆರಿಕದ ನ್ಯೂ ಹೇವನ್‌ನಲ್ಲಿ ಸಂಶೋಧಕರು ಒಂದು ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿದರು. ಪೊಲೀಸರು ಮನೆ ಬಾಗಿಲಿಗೆ ಹೋಗಿ, ಯಾವ ಕೇಸೂ ಇಲ್ಲದೆ, ಕೆಲವೇ ನಿಮಿಷ ಮಾತಾಡಿ ಬಂದರು. 21 ದಿನ ಬಿಟ್ಟು ಕೇಳಿದಾಗಲೂ ಆ ಮನೆಗಳವರಿಗೆ ಪೊಲೀಸರ ಬಗ್ಗೆ ಅಭಿಪ್ರಾಯ ಉತ್ತಮವಾಗಿಯೇ ಇತ್ತು. ಎದುರುಬದುರು ಮಾತಾಡಿದರೆ ನೀವೂ ಪ್ರಶ್ನೆ ಕೇಳಬಹುದು, ದೂರು ಹೇಳಬಹುದು. ವಿಡಿಯೊ ಜೊತೆ ಅದು ಆಗುವುದಿಲ್ಲ.

9. ಷೇರ್ ಮಾಡುವುದಾದರೆ ಹೀಗೆ ಮಾಡಿ

ಊರು ಮತ್ತು ತಾರೀಕು ಸೇರಿಸಿ, ಎರಡೂ ಗೊತ್ತಿಲ್ಲದಿದ್ದರೆ ಕಳಿಸಬೇಡಿ. ಹಳೆಯ ವಿಡಿಯೊಗಳು ಹೊಸ ಊರಿನ ಹೆಸರಲ್ಲಿ ಸುತ್ತುತ್ತಲೇ ಇರುತ್ತವೆ. ‘ಪೊಲೀಸರು ಅಂದರೆ ಹೀಗೆ’ ಅನ್ನುವ ಬದಲು ‘ಇವರು ಹೀಗೆ ಮಾಡಿದರು’ ಅಂತ ಬರೆಯಿರಿ. ಸಹಾಯ ಪಡೆದವರ ಮುಖ ಕಾಣುತ್ತಿದ್ದರೆ, ಅದರಲ್ಲೂ ಮಗುವಾದರೆ, ಮರೆಮಾಡಿ. ಒಬ್ಬ ಪೊಲೀಸ್ ನಿಮಗೇ ನಿಜವಾಗಿ ನೆರವಾಗಿದ್ದರೆ ಪೋಸ್ಟ್‌ಗಿಂತ ಒಂದು ಪತ್ರ ಮೇಲು. ಅವರ ಹೆಸರು, ದಿನ, ಏನು ಮಾಡಿದರು ಅನ್ನುವುದನ್ನು ಬರೆದು ಮೇಲಧಿಕಾರಿಗೆ ಕಳಿಸಿ, ಒಂದು ಪ್ರತಿ ಅವರಿಗೂ ಕೊಡಿ.

ವಿಡಿಯೊ ಮಾಡಿದವರು ನೀವೇ ಆಗಿದ್ದರೆ ಸಂಗೀತ ಸೇರಿಸಬೇಡಿ, ಶುರು ಮತ್ತು ಕೊನೆ ಕತ್ತರಿಸಬೇಡಿ. ಇಲಾಖೆಯವರೋ ಚಾನೆಲ್‌ನವರೋ ಕೇಳಿದರೆ ಕೊಡುವ ಮುಂಚೆ ಅದರಲ್ಲಿರುವ ಇನ್ನೊಬ್ಬರನ್ನು ಕೇಳಿ. ಅವರು ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಕತ್ತರಿಸದ ಮೂಲ ಫೈಲ್ ಮಾತ್ರ ನಿಮ್ಮ ಹತ್ತಿರ ಇಟ್ಟುಕೊಂಡಿರಿ.